ದಾದಿಯ ಕೈಯ ಚಮಚ

ಉರ್ದು ಶಾಲೆಯಲ್ಲಿ ನಾಲ್ಕು ವರ್ಷ ಓದಿ ಕನ್ನಡ ಶಾಲೆಗೆ ಬಂದು ಕೂತ ಹೊಸತು. ಫ್ಲಾರೆನ್ಸ್ ನೈಟಿಂಗೇಲ್ ಪಾಠ ನಡೆಯುತ್ತಿತ್ತು. ರಾತ್ರಿ ಹೊತ್ತು ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ಓಡಾಡಿದ ಆ ಇಂಗ್ಲಿಷ್ ಹೆಣ್ಣುಮಗಳನ್ನು ಮೇಷ್ಟ್ರು ‘ದಾದಿ’ ಎಂದರು. ನಮಗೆ ದೊಡ್ಡ ಗೊಂದಲ. ನಮ್ಮ ಮನೆಮಾತಿನಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಚಿತ್ರದಲ್ಲಿದ್ದ ಆ ಹುಡುಗಿ ಯಾರಿಗೆ ಅಜ್ಜಿಯಾಗಬೇಕು ಎಂದು ಎದ್ದು ನಿಂತು ಕೇಳಿಯೇಬಿಟ್ಟೆವು. ಇಡೀ ತರಗತಿ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. “ನಿಮ್ಮ ಮನೇಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಪಕ್ಕದಲ್ಲಿ ಕೂತು ನೋಡಿಕೊಳ್ಳೋರು ಯಾರಪ್ಪಾ?” ಎಂದರು. “ದಾದಿ ಸಾರ್” ಎಂದೆವು. “ಹಂಗಾದರೆ ಸರಿಯಾಯ್ತಲ್ಲ” ಎಂದು ಪಾಠ ಮುಂದುವರಿಸಿದರು.

ಆ ‘ಪಕ್ಕದಲ್ಲಿ ಕೂತು ನೋಡಿಕೊಳ್ಳುವುದು’ ಎಂಬುದಕ್ಕೂ ಒಂದು ಇತಿಹಾಸವಿದೆ. ಆದರೆ ನಮ್ಮಲ್ಲಿ ವೈದ್ಯದ ಇತಿಹಾಸವೆಂದರೆ ಕಟ್ಟಡಗಳ ಇತಿಹಾಸ. 1897ರಲ್ಲಿ ಅಡಿಗಲ್ಲು ಇಟ್ಟು 1900ರಲ್ಲಿ ಲಾರ್ಡ್ ಕರ್ಜನ್ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ, ದಂಡಿನ ಬೌರಿಂಗ್ ಆಸ್ಪತ್ರೆ, 1935ರ ವಾಣಿವಿಲಾಸ. ಇವುಗಳ ಕಲ್ಲುಫಲಕಗಳ ಮೇಲೆ ದೊರೆಗಳ, ದಿವಾನರ, ದಾನಿಗಳ ಹೆಸರುಗಳಿವೆ. ವಾಂತಿಭೇದಿಯಾದವನ ಬಾಯಿಗೆ ನಡುರಾತ್ರಿ ಚಮಚದಲ್ಲಿ ನೀರು ಹಾಕಿದ ಕೈಗಳಿಗೆ ಯಾವ ಫಲಕವೂ ಇಲ್ಲ. ಕೆಲವೊಮ್ಮೆ ಆ ಕೈಗಳೇ ನೀರನ್ನು ತಡೆಹಿಡಿದದ್ದೂ ಉಂಟು. ನಾವು ಹೇಳಹೊರಟಿರುವುದು ಮುಖ್ಯವಾಗಿ ಆ ಸಂಗತಿಯನ್ನು.

ನಮ್ಮ ದಾದಿಯ ಕಾಲದ ಕೆಂಪಾಪುರವನ್ನು ಈಗ ಕಣ್ಣಿಗೆ ಕಟ್ಟಿಕೊಳ್ಳುವುದು ಕಷ್ಟ. ಕಾಲೇಜುಗಳು, ಪಿ.ಜಿ.ಗಳು, ಔಷಧಿ ಅಂಗಡಿಗಳು, ಮುಖ್ಯರಸ್ತೆಗೆ ಬಂದರೆ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳು, ಅದರಾಚೆಗೆ 2003ರಲ್ಲಿ ಸಂಚಾರಕ್ಕೆ ತೆರೆದ ಹೆಬ್ಬಾಳದ ಮೇಲ್ಸೇತುವೆ. ಆಗ ಇದು ಹೆಬ್ಬಾಳ, ಅಮೃತಹಳ್ಳಿಗಳ ನಡುವಿನ ಒಂದು ಹಳ್ಳಿ. ಬಾವಿ, ದನದ ಕೊಟ್ಟಿಗೆ, ರಾಗಿಹೊಲ. ಹೊಟ್ಟೆಯ ಕಾಯಿಲೆಗಳಿಗೆ ನಮ್ಮ ಮನೆಯಲ್ಲಿ ಎರಡು ಭಾಷೆಯ ಹೆಸರುಗಳಿದ್ದವು. ಭೇದಿಗೆ ದಸ್ತ್, ಆಮಶಂಕೆಗೆ ಪೇಚಿಶ್, ಹೊಟ್ಟೆ ನುಲಿತಕ್ಕೆ ಮರೋಡ್, ಮಲಬದ್ಧತೆಗೆ ಕಬ್ಜ್. ಕಾಲರಾಕ್ಕೆ ಹೈಜಾ. ಈ ಕೊನೆಯ ಹೆಸರನ್ನು ದಾದಿ ದನಿ ತಗ್ಗಿಸಿಯೇ ಹೇಳುತ್ತಿದ್ದಳು, ಪಕ್ಕದ ಮನೆಯ ಗೌಡರ ಅಜ್ಜಿ ‘ಮಾರಿ’ ಎನ್ನುವಾಗ ಹೇಳುತ್ತಿದ್ದಂತೆ.

ದಾದಿಯ ಔಷಧಿ ಪೆಟ್ಟಿಗೆ ಸಣ್ಣದೇನಲ್ಲ. ದಾಳಿಂಬೆ ಸಿಪ್ಪೆಯನ್ನು ಒಣಗಿಸಿ ಕುಟ್ಟಿಟ್ಟ ಪುಡಿ, ತೇಯಲು ಜಾಯಿಕಾಯಿ, ಶುಂಠಿ, ಓಮ, ಮತ್ತೆ ಇಸಬಗೋಲು. ಈ ಇಸಬಗೋಲಿನ ಹೆಸರು ನಮಗೆ ಇಷ್ಟ. ಪಾರಸಿಯಲ್ಲಿ ‘ಅಸ್ಪ್’ ಎಂದರೆ ಕುದುರೆ, ‘ಗೋಲ್’ ಎಂದರೆ ಕಿವಿ. ಬೀಜ ನೋಡಲು ಕುದುರೆಯ ಕಿವಿಯ ಹಾಗಿದೆಯೆಂದು ಆ ಹೆಸರು. ಯುನಾನಿ ಹಕೀಮರ ಜೊತೆ ಬಂದದ್ದು ಎಂದು ನಾವು ಅಂದುಕೊಳ್ಳುವ ಇದು ಇಂದು ಯಾವ ಅಲೋಪತಿ ವೈದ್ಯರ ಚೀಟಿಯಲ್ಲೂ ಸಿಗುತ್ತದೆ. ನೀರನ್ನು ಹೀರಿ ಉಬ್ಬುವ ಗುಣವಿರುವುದರಿಂದ ಗಟ್ಟಿಯಾದದ್ದನ್ನು ಸಡಿಲಿಸುತ್ತದೆ, ತೆಳುವಾದದ್ದನ್ನು ಕೂಡಿಸುತ್ತದೆ. ದಾದಿ ಕಬ್ಜ್‌ಗೆ ಬಿಸಿನೀರಿನಲ್ಲೂ ದಸ್ತ್‌ಗೆ ಮೊಸರಿನಲ್ಲೂ ಕೊಡುತ್ತಿದ್ದಳು. ಚೇತರಿಸಿಕೊಳ್ಳುವವರಿಗೆ ಸಾಬೂದಾಣಿ ಗಂಜಿ, ಅಕ್ಕಿ ಗಂಜಿಯ ತಿಳಿಗೆ ಉಪ್ಪು, ತೆಳು ಮಜ್ಜಿಗೆ. ರೋಗಿಯ ಬಟ್ಟೆಯನ್ನು ಬೇರೆಯಾಗಿ ಕುದಿಸುವುದು, ಲೋಟ ಬೇರೆ ಇಡುವುದು, ಮುಟ್ಟಿದ ಮೇಲೆ ಕೈ ತೊಳೆಯದೆ ಒಲೆಯ ಹತ್ತಿರ ಬಾರದಿರುವುದು, ಇವೆಲ್ಲ ಆಕೆಗೆ ಪಾಕಿಯ ನಿಯಮಗಳು. ಇಂದಿನ ನರ್ಸಿಂಗ್ ಪುಸ್ತಕ ತೆರೆದರೆ ಇವನ್ನೇ ಸೋಂಕು ತಡೆ ಎಂಬ ಅಧ್ಯಾಯದಲ್ಲಿ ಕಾಣುತ್ತೇವೆ.

ಇಷ್ಟೆಲ್ಲ ತಿಳಿದಿದ್ದ ದಾದಿಗೆ ಒಂದು ನಿಯಮ ಮಾತ್ರ ತಪ್ಪಾಗಿ ಬಂದಿತ್ತು. ಭೇದಿ ನಿಲ್ಲುವವರೆಗೆ ನೀರು ಕೊಡಬಾರದು. “ಪಾನಿ ನಕ್ಕೋ ದೇವೋ” ಎನ್ನುತ್ತಿದ್ದಳು. ನೀರು ಕೊಡಬೇಡಿ, ಕೊಟ್ಟಷ್ಟೂ ಹೋಗುತ್ತದೆ ಎಂದು. ತೂತಿನ ಕೊಡಕ್ಕೆ ನೀರು ಹೊಯ್ಯಬಾರದೆಂಬ ತರ್ಕ. ಕೇಳಿದರೆ ಸರಿಯೆನಿಸುತ್ತದೆ.

ನಮಗಿಂತ ಮೊದಲು ಅಮ್ಮೀಗೆ ಒಂದು ಹೆಣ್ಣು ಮಗುವಾಗಿತ್ತು. 1977ರ ಬೇಸಿಗೆಯಲ್ಲಿ ಅದಕ್ಕೆ ಒಂದೂವರೆ ವರ್ಷ. ಬೆಳಿಗ್ಗೆ ಭೇದಿ ಶುರುವಾಯಿತು, ಮಧ್ಯಾಹ್ನಕ್ಕೆ ವಾಂತಿ. ಮಗು ನೀರಿನ ಗಡಿಗೆಯ ಕಡೆ ಕೈ ಚಾಚುತ್ತಿತ್ತಂತೆ. ದಾದಿ ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು, ಆಯತ್ ಓದಿ ಊದಿದಳು, ಜಾಯಿಕಾಯಿ ತೇದು ನೆಕ್ಕಿಸಿದಳು, ನೀರು ಕೊಡಲಿಲ್ಲ. ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು ಅಳುವಾಗ ಕಣ್ಣೀರು ಬರುವುದು ನಿಂತಿತು. ಅಬ್ಬಾ ಎತ್ತಿನ ಗಾಡಿ ಹುಡುಕಿ ತರುವಷ್ಟರಲ್ಲಿ ಮುಗಿದಿತ್ತು. ಅಮ್ಮೀ ಇದನ್ನು ನಮಗೆ ಹೇಳಿದ್ದು ಒಂದೇ ಸಲ, ದಾದಿ ತೀರಿಕೊಂಡ ಮೇಲೆ. ಗಂಜಿಯ ಪಾತ್ರೆ ಅಂದೂ ಒಲೆಯ ಮೇಲಿತ್ತು ಎಂದಳು. ಭೇದಿ ನಿಂತ ಮೇಲೆ ಕೊಡಲೆಂದು ಇಟ್ಟದ್ದು.

ದಾದಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಮೊದಲು ಜಗತ್ತಿನ ದೊಡ್ಡ ದೊಡ್ಡ ವೈದ್ಯರು ಏನು ಮಾಡುತ್ತಿದ್ದರೆಂದು ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲರಾ ಯುರೋಪಿಗೆ ಹೋದಾಗ ಅಲ್ಲಿಯ ಅನೇಕ ವೈದ್ಯರು ರೋಗಿಯ ರಕ್ತ ತೆಗೆಯುತ್ತಿದ್ದರು, ಪಾದರಸದ ಔಷಧಿ, ಅಫೀಮು ಕೊಡುತ್ತಿದ್ದರು. ನೀರು ಬೇಡಿದವನಿಗೆ ನೀರು ನಿರಾಕರಿಸುವವರೂ ಇದ್ದರು. 1832ರಲ್ಲಿ ಓ’ಶಾನೆಸಿ ಎಂಬ ತರುಣ ವೈದ್ಯ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಇವರ ಮೈಯಿಂದ ಹೋಗಿರುವುದು ನೀರು ಮತ್ತು ಉಪ್ಪು ಎಂದು ತೋರಿಸಿದ. ಅದೇ ವರ್ಷ ಸ್ಕಾಟ್‌ಲೆಂಡಿನ ಥಾಮಸ್ ಲ್ಯಾಟಾ ಉಪ್ಪುನೀರನ್ನು ನೇರ ರಕ್ತನಾಳಕ್ಕೆ ಕೊಟ್ಟು ಸಾಯುತ್ತಿದ್ದವರಲ್ಲಿ ಕೆಲವರನ್ನು ಎಬ್ಬಿಸಿ ಕೂರಿಸಿದ. ಮರುವರ್ಷ ಅವನೇ ತೀರಿಕೊಂಡ, ವಿದ್ಯೆಯೂ ಹೆಚ್ಚುಕಡಿಮೆ ಅವನ ಜೊತೆಗೇ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಅದನ್ನು ಮತ್ತೆ ಹಿಡಿದು ಸಾವಿನ ಪ್ರಮಾಣವನ್ನು ಸುಮಾರು ಅರ್ಧಕ್ಕಿಳಿಸಿದ. ಆದರೂ ಮಕ್ಕಳ ಭೇದಿಗೆ ‘ಕರುಳಿಗೆ ವಿಶ್ರಾಂತಿ’ ಎಂದು ಒಂದು ದಿನ ಉಪವಾಸ ಕೆಡಹುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲೂ ಬಹುಕಾಲ ಉಳಿಯಿತು. ನಮ್ಮ ದಾದಿ ಆ ಪುಸ್ತಕಗಳನ್ನು ಓದಿರಲಿಲ್ಲ. ಓದಿದ್ದರೂ ಅಕ್ಕ ಉಳಿಯುತ್ತಿದ್ದಳೆಂದು ಹೇಳಲಾರೆವು.

ಆಳುವವರಿಗೆ ರೋಗಿಗಿಂತ ರೋಗದ ದಾರಿಯ ಚಿಂತೆಯೇ ಹೆಚ್ಚಾಗಿತ್ತು. 1865ರ ಹಜ್‌ನಲ್ಲಿ ಕಾಲರಾದಿಂದ ಸುಮಾರು 15,000 ಯಾತ್ರಿಕರು ಸತ್ತರೆಂದು ಅಂದಾಜು. ಅಲ್ಲಿಂದ ಅದು ಈಜಿಪ್ಟ್ ದಾಟಿ ಯುರೋಪನ್ನು ಮುಟ್ಟಿದಾಗ ಮರುವರ್ಷ ಇಸ್ತಾಂಬುಲಿನಲ್ಲಿ ರಾಷ್ಟ್ರಗಳ ಸಮ್ಮೇಳನ ಸೇರಿತು. ಹಿಂದುಸ್ತಾನದ ಹಾಜಿಗಳ ಮೇಲೆ ಬೆರಳು ತೋರಲಾಯಿತು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಹಡಗುಗಳನ್ನು ತಡೆದು ದಿನಗಟ್ಟಲೆ ಕೂಡಿಹಾಕುವ ವ್ಯವಸ್ಥೆ ಬಂತು. ಕೂಡಿಹಾಕಿದವರ ದಾಖಲೆ ರಾಶಿ ರಾಶಿ ಇದೆ. ಅವರ ಪಕ್ಕದಲ್ಲಿ ಕೂತವರು ಯಾರೆಂದು ಅದರಲ್ಲಿ ಹುಡುಕಬೇಕು. ನಮ್ಮ ಮೈಸೂರು ಸೀಮೆಯಲ್ಲೂ 1876–78ರ ಭೀಕರ ಬರದಲ್ಲಿ ಸುಮಾರು 50 ಲಕ್ಷ ಜನರಲ್ಲಿ 10 ಲಕ್ಷದಷ್ಟು ಜನ ಅಳಿದರು. ಹಸಿವಿನ ಬೆನ್ನಿಗೇ ಕಾಲರಾ ಬಂದಿತ್ತು.

ಇಂಥದರಲ್ಲಿ ದಾರಿ ತೋರಿದ್ದು ಬಂಗಾಳ. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು 186 ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕೊಟ್ಟು ಗುಣಪಡಿಸಿದ್ದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಭೇದಿಗೆಂದು ಅವರು ಬಳಸಿದ್ದು ಒಂದು ಎಲೆಯ ರಸ. ಯಾವ ಎಲೆಯೆಂದು ಹುಡುಕಿದರೆ ನಮ್ಮ ಹಿತ್ತಲಿನ ದೊಡ್ಡಪತ್ರೆ! ಪಶ್ಚಿಮದ ಪಂಡಿತರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1959ರಲ್ಲಿ ಅದೇ ನಗರದ ಶಂಭುನಾಥ ಡೇ, ಕಾಲರಾದ ಕ್ರಿಮಿ ಒಂದು ವಿಷವನ್ನು ಸ್ರವಿಸುತ್ತದೆ, ಕರುಳು ನೀರು ಸುರಿಸುವುದು ಆ ವಿಷದಿಂದ ಎಂದು ಮೊಲದ ಕರುಳಿನ ಪ್ರಯೋಗದಿಂದ ತೋರಿಸಿದರು. ಅವರಿಗೂ ಸಿಗಬೇಕಾದ ಮನ್ನಣೆ ಬದುಕಿದ್ದಾಗ ಸಿಗಲಿಲ್ಲ.

ಗುಟ್ಟು ಇರುವುದು ಇಲ್ಲಿ. ಆ ವಿಷ ಕರುಳಿನ ಒಂದು ಬಾಗಿಲನ್ನು ಹಾಳುಮಾಡಿದರೂ ಇನ್ನೊಂದನ್ನು ಮುಟ್ಟುವುದಿಲ್ಲ. ಆ ಎರಡನೆಯ ಬಾಗಿಲು ಉಪ್ಪು ಒಂದೇ ಬಂದರೆ ತೆರೆಯುವುದಿಲ್ಲ, ಸಕ್ಕರೆ ಒಂದೇ ಬಂದರೂ ತೆರೆಯುವುದಿಲ್ಲ. ಎರಡೂ ಕೈಹಿಡಿದು ಬಂದರೆ ಒಳಗೆ ಬಿಡುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿಯನ್ನು ವಿವರಿಸಿದ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್ ರೋಗಿಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ದಾದಿಯ ಕೊಡಕ್ಕೆ ತೂತು ಇದ್ದದ್ದು ನಿಜ. ಆದರೆ ತೂತಿಗಿಂತ ದೊಡ್ಡದಾದ ಬಾಯಿಯೂ ಇತ್ತು. ಉಪ್ಪು ಹಾಕಿದ ಗಂಜಿಯ ತಿಳಿಯಲ್ಲಿ ಈ ಜೋಡಿ ಇರುತ್ತದೆ; ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ. ಅಕ್ಕಿಯಿಂದಲೇ ಮಾಡಿದ ಇಂಥ ದ್ರಾವಣವನ್ನು ಮುಂದೆ ಢಾಕಾದಲ್ಲಿ ಪರೀಕ್ಷಿಸಿ ಒಳ್ಳೆಯದೆಂದು ಕಂಡರು. ಅಂದು ಒಲೆಯ ಮೇಲಿದ್ದದ್ದು ಅದೇ.

ಪ್ರಯೋಗಾಲಯದ ಈ ವಿದ್ಯೆ ಬಯಲಿಗೆ ಬಂದದ್ದು 1971ರಲ್ಲಿ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ತುಂಬಿದ್ದರು. ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿದ ಕಾಲರಾ ರೋಗಿಗಳು. ಡ್ರಿಪ್ ಹಾಕಲು ಬಾಟಲಿಗಳಿಲ್ಲ, ಹಾಕಬಲ್ಲ ಕೈಗಳೂ ಇಲ್ಲ. ಡಾ. ದಿಲೀಪ್ ಮಹಲಾನಬಿಸ್ ಅಲ್ಲಿ ಒಂದು ಸಾಹಸ ಮಾಡಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ಇದನ್ನು ಡ್ರಮ್‌ಗಳಲ್ಲಿ ಕಲಸಿ, ಲೋಟದಲ್ಲಿ ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ತಾಯಿ, ಅಕ್ಕ, ಅಜ್ಜಿ, ಯಾರಿದ್ದರೆ ಅವರು. ಶಿಬಿರಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. 1978ರಲ್ಲಿ ‘ಲ್ಯಾನ್ಸೆಟ್’ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದೆಂದು ಹೊಗಳಿತು. ಮಹಲಾನಬಿಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ. ನಮ್ಮ ದೇಶ ಬದುಕಿದ್ದವರಿಗೆ ಹಾರ ಹಾಕಲು ಯಾಕೆ ಇಷ್ಟು ಜಿಪುಣತನ ಮಾಡುತ್ತದೋ!

1971 ಮತ್ತು 1977. ನಡುವೆ ಆರು ವರ್ಷ. ಬನಗಾಂವ್‌ನ ನಿರಾಶ್ರಿತ ಹೆಂಗಸಿಗೆ ತಿಳಿದದ್ದು ಕೆಂಪಾಪುರದ ನಮ್ಮ ಅಡಿಗೆಮನೆಗೆ ತಿಳಿಯಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ನಮ್ಮಿಂದ ಕೆಲವೇ ಮೈಲಿ ದೂರದಲ್ಲಿತ್ತು.

ಬಾಂಗ್ಲಾದೇಶ ಈ ಅಂತರವನ್ನು ಅರ್ಥಮಾಡಿಕೊಂಡಿತು ಎನ್ನಬೇಕು. 1980ರಿಂದ ಹತ್ತು ವರ್ಷ ‘ಬ್ರ್ಯಾಕ್’ ಸಂಸ್ಥೆಯ ಹೆಣ್ಣುಮಕ್ಕಳು ಹಳ್ಳಿ ಹಳ್ಳಿ ಸುತ್ತಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ತಾಯಂದಿರ ಎದುರು ಕೂತು ಕಲಿಸಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ನಾಲ್ಕು ಬೆರಳಿಗೆ ಹಿಡಿಯುವಷ್ಟು ಬೆಲ್ಲ, ಅರ್ಧ ಸೇರು ನೀರು. ಇನ್ನೂ ಒಂದು ಉಪಾಯ ಮಾಡಿದ್ದರು. ಕಲಿಸಿದವರ ಸಂಬಳ, ಕಲಿತವರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ. ಹೀಗಾಗಿ ಯಾರೂ ಬಾಯಿಪಾಠ ಒಪ್ಪಿಸಿ ಎದ್ದು ಹೋಗುವಂತಿರಲಿಲ್ಲ.

ನಮ್ಮಲ್ಲಿ ಅದು ಎಂಬತ್ತರ ದಶಕದಲ್ಲಿ ಅಂಗನವಾಡಿಯ ದಾರಿಯಿಂದ ಬಂತು. ‘ಜೀವಜಲ’ ಎಂದು ಪೊಟ್ಟಣ ಹಿಡಿದು ಬಂದ ಅಂಗನವಾಡಿ ಟೀಚರನ್ನು ದಾದಿ ಮೊದಲು ಬಾಗಿಲಿನಿಂದಲೇ ಕಳಿಸಿದಳಂತೆ. ಎರಡನೆಯ ಸಲ ಆಕೆ ಪೊಟ್ಟಣ ತರಲಿಲ್ಲ. “ಅಜ್ಜೀ, ನಿಮ್ಮ ಮನೇಲಿ ಶರಬತ್ತು ಮಾಡಲ್ವಾ? ಅದಕ್ಕೊಂದು ಚೂರು ಉಪ್ಪು ಹಾಕಿ” ಎಂದಳು. ಶರಬತ್ತು ಎಂದ ಮೇಲೆ ದಾದಿ ಸೋತಳು. ಆಮೇಲೆ ನಮಗೆ ಹೊಟ್ಟೆ ಕೆಟ್ಟಾಗಲೆಲ್ಲ ಕುಡಿಸಿದವಳು ಆಕೆಯೇ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಚಮಚ. ಸತ್ತ ಮಗುವಿನ ನೆನಪು ಆ ಹೊತ್ತಿಗೆ ಆಕೆಗೆ ಬರುತ್ತಿತ್ತೋ ಏನೋ, ನಾವು ಕೇಳುವ ವಯಸ್ಸಾಗಿರಲಿಲ್ಲ.

ಓದುಗರಲ್ಲಿ ಕೆಲವರು ಜೇನಿನ ಹದೀಸನ್ನು ನೆನೆಯುತ್ತಿರಬಹುದು. ತಮ್ಮನ ಹೊಟ್ಟೆ ಕೆಟ್ಟಿದೆಯೆಂದು ಬಂದವನಿಗೆ ಪ್ರವಾದಿ ಮುಹಮ್ಮದ್‌ರು(ಸ) ಜೇನು ಕುಡಿಸಲು ಹೇಳಿದರು, ಗುಣವಾಗಲಿಲ್ಲವೆಂದು ಮತ್ತೆ ಬಂದಾಗಲೂ ಅದನ್ನೇ ಹೇಳಿದರು, ಕೊನೆಗೆ ವಾಸಿಯಾಯಿತು ಎಂದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. 1985ರಲ್ಲಿ ದಕ್ಷಿಣ ಆಫ್ರಿಕದ ಹಫೇಜಿ ಮತ್ತು ಮೂಸಾ ಎಂಬ ವೈದ್ಯರು 169 ಮಕ್ಕಳಲ್ಲಿ ಪರೀಕ್ಷೆ ನಡೆಸಿ, ದ್ರಾವಣದಲ್ಲಿ ಗ್ಲೂಕೋಸಿನ ಬದಲು ಜೇನು ಬೆರೆಸಿದರೆ ಬ್ಯಾಕ್ಟೀರಿಯದಿಂದ ಬಂದ ಭೇದಿ ಬೇಗ ನಿಲ್ಲುತ್ತದೆಂದು ಬರೆದರು. ಇದನ್ನು ಹಿಡಿದು ಎದೆಯುಬ್ಬಿಸಿ ಭಾಷಣ ಮಾಡುವವರು ನಮ್ಮಲ್ಲಿದ್ದಾರೆ. ಅವರಿಗೆ ನಮ್ಮ ವಿನಂತಿ ಇಷ್ಟೆ: ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಿಂದ ಬೋಟುಲಿಸಂ ಎಂಬ ನಂಜು ತಗಲುವ ಅಪಾಯವಿದೆ. ಇನ್ನೂ ಒಂದು. ಭೇದಿ ಹಿಡಿದಿದ್ದರೂ ರಂಜಾನಿನ ರೋಜಾ ಬಿಡೆನೆಂದು ನೀರಿಲ್ಲದೆ ಮಲಗುವ ಹಿರಿಯರನ್ನು ನಾವು ಕಂಡಿದ್ದೇವೆ. ಕಾಯಿಲೆಯವರಿಗೆ ವಿನಾಯಿತಿ ಕುರ್‌ಆನಿನಲ್ಲೇ ಇದೆ. ಬಿಟ್ಟ ದಿನಗಳನ್ನು ಆಮೇಲೆ ಪೂರೈಸಬಹುದು.

ರುಫೈದಾ ಅಲ್-ಅಸ್ಲಮಿಯಾರನ್ನು ಮಾತ್ರ ಭಾಷಣಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಮಲಗಿಸಿದ್ದು ಮದೀನಾದ ಮಸೀದಿಯ ಆವರಣದಲ್ಲಿದ್ದ ಆಕೆಯ ಡೇರೆಯಲ್ಲಿ. ನೈಟಿಂಗೇಲ್‌ಗಿಂತ ಹನ್ನೆರಡು ಶತಮಾನ ಮೊದಲು. ಈ ಹೆಸರನ್ನು ಹೆಮ್ಮೆಯಿಂದ ಹೇಳುವ ನಮ್ಮ ಎಷ್ಟೋ ಮನೆಗಳಲ್ಲಿ, ಮಗಳು ನರ್ಸಿಂಗ್ ಓದುತ್ತೇನೆಂದರೆ ಗಂಡು ಸಿಗುವುದಿಲ್ಲವೆಂದು ತಲೆಯಾಡಿಸುತ್ತಾರೆ. ಶಿವಾಜಿನಗರದಲ್ಲಿ ಗೋಷಾ ಹೆಂಗಸರಿಗೆಂದು ಹಾಜಿ ಸರ್ ಇಸ್ಮಾಯಿಲ್ ಸೇಠ್‌ರ ದಾನದಿಂದ ಎದ್ದ ಗೋಷಾ ಆಸ್ಪತ್ರೆ ಇಂದಿಗೂ ಇದೆ. ಪರದೆಯ ಹೆಣ್ಣಿಗೆ ಹೆಣ್ಣಿನ ಆರೈಕೆ ಬೇಕೆಂದು ಸೇಠ್‌ರಿಗೆ ಹೊಳೆದಿತ್ತು. ಆ ಆರೈಕೆ ಮಾಡುವ ಹೆಣ್ಣು ನಮ್ಮ ಮನೆಯಿಂದ ಬರಲು ಮಾತ್ರ ನಾವು ಒಪ್ಪಲಿಲ್ಲ. ಈ ಭಾಗದ ಆಸ್ಪತ್ರೆಗಳಲ್ಲಿ ರೋಗಿಯ ಮಲವನ್ನು ಅಳೆದು ಬರೆದುಕೊಳ್ಳುವ, ಹೋದಷ್ಟು ಒಳಗೆ ಹೋಯಿತೇ ಎಂದು ಗಂಟೆಗೊಮ್ಮೆ ಲೆಕ್ಕ ಹಾಕುವ ಕೆಲಸ ಬಹುಮಟ್ಟಿಗೆ ಕೇರಳದಿಂದ, ಈಶಾನ್ಯದಿಂದ ಬಂದ ಹುಡುಗಿಯರದು. ಕೆಂಪಾಪುರದ ಪಿ.ಜಿ.ಗಳಲ್ಲಿ ಅವರಲ್ಲಿ ಹಲವರು ನಮ್ಮ ನೆರೆಯವರು.

ಇಷ್ಟು ಅಗ್ಗದ, ಇಷ್ಟು ಸರಳವಾದ ಔಷಧಿ ಈಗ ಎಲ್ಲರಿಗೂ ತಲುಪಿರಬೇಕಲ್ಲ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ನೂರಕ್ಕೆ ಸುಮಾರು 61 ಮಕ್ಕಳಿಗೆ. ಯಾಕೆ ಹೀಗೆಂದು ನಮ್ಮ ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಖಾಸಗಿ ವೈದ್ಯರು, ಔಷಧಿ ಅಂಗಡಿಯವರ ನಡುವೆ ಸಂಶೋಧಕರು ಪರೀಕ್ಷೆ ನಡೆಸಿದರು. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಬಂತು. ತರಬೇತಿ ಪಡೆದ ನಟರು ಎರಡು ವರ್ಷದ ಮಗುವಿನ ತಂದೆಯಾಗಿ ಹೋಗಿ ಔಷಧಿ ಕೇಳುವುದು, ಏನು ಕೊಡುತ್ತಾರೆಂದು ನೋಡುವುದು. ಕೊಡದಿರುವುದಕ್ಕೆ ದಾಸ್ತಾನಿನ ಕೊರತೆ ದೊಡ್ಡ ಕಾರಣವಾಗಿರಲಿಲ್ಲ, ಲಾಭದ ಆಸೆಯೂ ಅಲ್ಲ. ಬಂದವರಿಗೆ ಓ.ಆರ್.ಎಸ್. ಬೇಕಿಲ್ಲ, ‘ನಿಜವಾದ ಮಾತ್ರೆ’ ಬೇಕು ಎಂದು ಕೊಡುವವರು ತಾವಾಗಿ ಊಹಿಸುತ್ತಾರೆ. ಕೊರತೆಯ ನೂರರಲ್ಲಿ 42 ಪಾಲಿಗೆ ಅದೇ ಕಾರಣ. ಪೊಟ್ಟಣದ ಚಿತ್ರ ತೋರಿಸಿ ‘ಇದು ಕೊಡಬಹುದಾ’ ಎಂದು ಬಾಯಿಬಿಟ್ಟರೆ ಕೊಡುವವರ ಸಂಖ್ಯೆ ಗಣನೀಯವಾಗಿ ಏರಿತು. ದಾದಿ ಪ್ರೀತಿಯಿಂದ ತಡೆದಳು, ಇವರು ಸಂಕೋಚದಿಂದ ತಡೆಯುತ್ತಿದ್ದಾರೆ.

ಅಂಗಡಿಯಲ್ಲಿ ಇನ್ನೊಂದು ಮೋಸವಿತ್ತು. ಬಣ್ಣದ ಡಬ್ಬಿಗಳಲ್ಲಿ ಸಕ್ಕರೆ ಪಾನಕ ತುಂಬಿ ಓ.ಆರ್.ಎಸ್. ಎಂದು ಮಾರುವುದು. ಸಕ್ಕರೆ ಮಿತಿಮೀರಿದರೆ ಅದು ಕರುಳಿನೊಳಕ್ಕೆ ಮೈಯ ನೀರನ್ನೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದದ್ದನ್ನೇ ನೋಡಿ ಕೊಳ್ಳಬೇಕು. 2002ರಿಂದ ಅದರಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಮಕ್ಕಳಿಗೆ ಜೊತೆಗೆ ಹತ್ತರಿಂದ ಹದಿನಾಲ್ಕು ದಿನ ಸತುವಿನ ಮಾತ್ರೆ ಕೊಡಬೇಕೆಂದು 2004ರಿಂದ ಹೇಳುತ್ತಾರೆ. ಮಲದಲ್ಲಿ ರಕ್ತ, ಬಿಡದ ವಾಂತಿ, ಆರು ಗಂಟೆ ಮೂತ್ರವಿಲ್ಲದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಟ್ಟನೆ ಇಳಿಯದಿರುವುದು, ಮಂಪರು, ಇವು ಕಂಡರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು, ದಾರಿಯುದ್ದಕ್ಕೂ ಕುಡಿಸುತ್ತಲೇ. ಮೊಲೆಹಾಲು ನಿಲ್ಲಿಸಬಾರದು. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು.

ಕಳೆದ ಬೇಸಿಗೆಯಲ್ಲಿ ಪಕ್ಕದ ಪಿ.ಜಿ.ಯ ಹುಡುಗಿಯೊಬ್ಬಳು ಟ್ಯಾಂಕರ್ ನೀರು ಕುಡಿದೋ ಹೊರಗಿನ ಊಟದಿಂದಲೋ ವಾಂತಿಭೇದಿ ಹಿಡಿದು ಮಲಗಿದಳು. ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ, ಮಣಿಪುರದವಳು. ಗೆಳತಿಯರು ಕಾಲೇಜಿಗೆ ಹೋಗಿದ್ದರು. ಸುದ್ದಿ ತಿಳಿದು ಅಮ್ಮೀ ಹೋದಳು, ನಾವು ಹಿಂದೆ ಹೋದೆವು. ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪ್ರತಿ ಚಮಚವನ್ನೂ ಅಮ್ಮೀ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ ಹಾಕಿದಳು. ಮೊದಲ ಲೋಟ ಹುಡುಗಿ ಕಕ್ಕಿಬಿಟ್ಟಳು. ಅಮ್ಮೀ ನೆಲ ಒರೆಸಿ, ಕೈ ತೊಳೆದು, ಗಡಿಯಾರ ನೋಡಿ ಹತ್ತು ನಿಮಿಷ ಸುಮ್ಮನೆ ಕೂತಳು. ಆಮೇಲೆ ಲೋಟ ಬಿಟ್ಟು ಚಮಚ ಹಿಡಿದಳು. ಎರಡು ನಿಮಿಷಕ್ಕೊಂದು. ಹುಡುಗಿಗೆ ಕನ್ನಡವೂ ಬಾರದು, ಉರ್ದುವೂ ಬಾರದು. “ಪಾನಿ” ಎಂದಾಗ ಮಾತ್ರ ಬಾಯಿ ತೆರೆಯುತ್ತಿದ್ದಳು. ಮಗ್‌ರಿಬ್ ಅಜಾನಿನ ಹೊತ್ತಿಗೆ ಎದ್ದು ಬಚ್ಚಲಿಗೆ ಹೋಗಿ ಬಂದು, ಮೂತ್ರ ಬಂತೆಂದು ನಾಚಿಕೊಂಡು ಸನ್ನೆಯಲ್ಲಿ ಹೇಳಿದಳು. ಅಮ್ಮೀ ಖಾಲಿಯಾದ ಪಾತ್ರೆಯನ್ನು ನಮ್ಮ ಕೈಗೆ ಕೊಟ್ಟು, ಇನ್ನೊಂದು ಲೀಟರ್ ಕಾಯಿಸಿಡಲು ಹೇಳಿದಳು.